ಪುನೋದಿಂದ ಕೋಪಕಬಾನಾಕ್ಕೆ ರಸ್ತೆಯಲ್ಲಿ ಗಡಿ ದಾಟುವುದು: ಯಾವ ವಾಹನ ಹಿಡಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪೆರು ದೇಶದ ಪುನೋ, ಬೊಲಿವಿಯಾದ ಕೋಪಕಬಾನಾ, ಎರಡೂ ಟಿಟಿಕಾಕಾ ಸರೋವರದ ದಡದ ಊರುಗಳು. ನಡುವಿನ ದಾರಿ ಸುಮಾರು 140 ಕಿ.ಮೀ. ಡಾಂಬರು ರಸ್ತೆ, ದಾರಿ ತಪ್ಪುವ ಭಯವಿಲ್ಲ. ಆದರೂ ಇಲ್ಲಿ ಒಂದಿಡೀ ದಿನ ಕಳೆದುಕೊಳ್ಳುವವರು ಇದ್ದೇ ಇರುತ್ತಾರೆ. ಅದಕ್ಕೆ ರಸ್ತೆ ಕಾರಣವಲ್ಲ, ಗಡಿಯ ಕೌಂಟರು ಕಾರಣ. ವಾಹನ ಆರಿಸುವಾಗ ಎಲ್ಲರೂ ಮೊದಲು ಟಿಕೆಟ್ ದರ ವಿಚಾರಿಸುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ: ನಮ್ಮ ಪಾಸ್‌ಪೋರ್ಟಿಗೆ ಗಡಿಯಲ್ಲಿ ಎಷ್ಟು ಹೊತ್ತು ಬೇಕು? ಆ ರಾತ್ರಿ ನಾವು ಮಲಗುವುದು ಎಲ್ಲಿ?

ಗಡಿ ದಾಟಲು ಎಷ್ಟು ದಾರಿಗಳಿವೆ?

ಮೂರಿವೆ, ಬಳಕೆಯಲ್ಲಿರುವುದು ಎರಡು. ಪುನೋದಿಂದ ಹೊರಟ ರಸ್ತೆ ಇಲಾವೆ, ಹೂಲಿ ಊರುಗಳನ್ನು ದಾಟಿ ಪೊಮಾತಾ ಆದಮೇಲೆ ಕವಲಾಗುತ್ತದೆ. ಸರೋವರದ ಕಡೆ ತಿರುಗುವ ಕವಲು ಯುಂಗುಯೋ ಪಟ್ಟಣಕ್ಕೆ ಹೋಗುತ್ತದೆ. ಅಲ್ಲಿಂದ ಸುಮಾರು 2 ಕಿ.ಮೀ. ಮುಂದೆ ಕಸಾನಿ ಎಂಬ ಗಡಿ, ಗಡಿಯಿಂದ ಸುಮಾರು 8 ಕಿ.ಮೀ.ಗೆ ಕೋಪಕಬಾನಾ. ನೇರ ಹೋಗುವ ಕವಲು ದೆಸಾಗ್ವಾದೆರೋ ಎಂಬ ಗಡಿ ಊರಿಗೆ ಹೋಗಿ, ಅಲ್ಲಿಂದ ಬೊಲಿವಿಯಾದ ದೊಡ್ಡ ನಗರ ಲಾ ಪಾಸ್ ಕಡೆ ಸಾಗುತ್ತದೆ.

ಮೂರನೆಯದು ಸರೋವರದ ಉತ್ತರ ದಂಡೆಯಲ್ಲಿ, ತಿಲಾಲಿ ಮತ್ತು ಪುಎರ್ತೊ ಅಕೋಸ್ತಾ ಊರುಗಳ ನಡುವೆ. ಅತ್ತ ವಾಹನಗಳು ತೀರ ವಿರಳ, ಮೊಹರಿನ ವ್ಯವಸ್ಥೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಸೈಕಲ್ಲಿನಲ್ಲಿ ಸರೋವರ ಸುತ್ತುವವರನ್ನು ಬಿಟ್ಟು ಬೇರೆ ಯಾರಿಗೂ ಅದನ್ನು ನಾವು ಹೇಳುವುದಿಲ್ಲ.

ದೋಣಿಯಲ್ಲಿ ಹೋಗಲಾಗುವುದಿಲ್ಲವೇ? ನಡುವೆ ಸರೋವರವೇ ಇದೆಯಲ್ಲ?

ಪುನೋದಿಂದ ಕೋಪಕಬಾನಾಕ್ಕೆ ನಿತ್ಯ ಓಡುವ ಪ್ರಯಾಣಿಕರ ದೋಣಿ ಇಲ್ಲ. ಪ್ರವಾಸ ಕಂಪನಿಗಳ ದುಬಾರಿ ಪ್ಯಾಕೇಜುಗಳಲ್ಲಿ ದೋಣಿಯ ಪಯಣ ಸೇರಿರುತ್ತದೆ, ಆದರೆ ಅದರಲ್ಲೂ ಗಡಿ ದಾಟುವುದು ಬಸ್ಸಿನಲ್ಲೇ. ಹಿಂದಿನ ಕಾಲದಲ್ಲಿ ಪುನೋದಿಂದ ಬೊಲಿವಿಯಾದ ಗ್ವಾಕಿ ಬಂದರಿಗೆ ಉಗಿಹಡಗು ಓಡುತ್ತಿತ್ತು, ರೈಲು ಇಳಿದವರು ಹಡಗು ಹತ್ತುತ್ತಿದ್ದರು. ಆ ವ್ಯವಸ್ಥೆ ಈಗ ಇಲ್ಲ. ಇಂಗ್ಲೆಂಡಿನಲ್ಲಿ ತಯಾರಾಗಿ, ಬಿಡಿಬಿಡಿ ಭಾಗಗಳಾಗಿ ಹೇಸರಗತ್ತೆಗಳ ಬೆನ್ನೇರಿ ಬೆಟ್ಟ ಹತ್ತಿ ಬಂದು, 1870ರಲ್ಲಿ ಈ ನೀರಿಗಿಳಿದ ಯಾವರಿ ಎಂಬ ಹಡಗು ಇವತ್ತಿಗೂ ಪುನೋದಲ್ಲಿದೆ. ಬಸ್ಸಿಗೆ ಮೊದಲು ಅರ್ಧ ದಿನ ಬಿಡುವಿದ್ದರೆ ನೋಡಿ ಬನ್ನಿ.

ಹಾಗಾದರೆ ರಸ್ತೆಯಲ್ಲಿ ನನಗಿರುವ ಆಯ್ಕೆಗಳೇನು?

ಒಂದು, ಪ್ರವಾಸಿಗರ ನೇರ ಬಸ್ಸು. ಪುನೋದ ದೊಡ್ಡ ಬಸ್ ನಿಲ್ದಾಣದಿಂದ, ಅಂದರೆ ತೆರ್ಮಿನಾಲ್ ತೆರೆಸ್ತ್ರೆಯಿಂದ, ಬೆಳಿಗ್ಗೆ 7ರ ಆಸುಪಾಸಿಗೆ ಹೆಚ್ಚಿನವು ಹೊರಡುತ್ತವೆ. ಮಧ್ಯಾಹ್ನದ ಮೇಲೂ ಕೆಲವು ಇವೆ. ಗಡಿಯ ಕೆಲಸವೂ ಸೇರಿ ಮೂರೂವರೆಯಿಂದ ನಾಲ್ಕು ಗಂಟೆ. ದರ ಸುಮಾರು 30ರಿಂದ 50 ಸೋಲ್ (ಪೆರುವಿನ ಹಣ). ಹಬ್ಬದ ದಿನಗಳಲ್ಲಿ ಏರುತ್ತದೆ.

ಎರಡು, ಕೊಂಬಿ. ನಮ್ಮ ಟೆಂಪೋ ಟ್ರಾವೆಲರ್ ಥರದ ವ್ಯಾನು ಅಂದುಕೊಳ್ಳಿ. ಇದು ಹೊರಡುವುದು ದೊಡ್ಡ ನಿಲ್ದಾಣದಿಂದಲ್ಲ, ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರವಿರುವ ತೆರ್ಮಿನಾಲ್ ಸೋನಾಲ್ ಎಂಬ ಇನ್ನೊಂದು ನಿಲ್ದಾಣದಿಂದ. ವೇಳಾಪಟ್ಟಿ ಇಲ್ಲ, ಸೀಟು ತುಂಬಿದಾಗ ಹೊರಡುತ್ತದೆ. ಯುಂಗುಯೋವರೆಗೆ ಎರಡೂವರೆಯಿಂದ ಮೂರು ಗಂಟೆ. ಅಲ್ಲಿಂದ ಗಡಿಗೆ ಟ್ಯಾಕ್ಸಿ ಅಥವಾ ಮೂರು ಚಕ್ರದ ಮೊತೊತಾಕ್ಸಿ. ಗಡಿ ನಡೆದು ದಾಟಿ, ಆಚೆ ಬದಿಯಲ್ಲಿ ಕೋಪಕಬಾನಾಕ್ಕೆ ಇನ್ನೊಂದು ವ್ಯಾನು. ಮೂರು ವಾಹನ ಹತ್ತಿಳಿದರೂ ಒಟ್ಟು ಖರ್ಚು ನೇರ ಬಸ್ಸಿನ ಅರ್ಧದಷ್ಟಾಗಬಹುದು.

ಮೂರು, ಬಾಡಿಗೆ ಟ್ಯಾಕ್ಸಿ. ಪುನೋದ ಟ್ಯಾಕ್ಸಿ ಸಾಮಾನ್ಯವಾಗಿ ಗಡಿಯವರೆಗೆ ಮಾತ್ರ ಬರುತ್ತದೆ, ಆಚೆಗೆ ಬೊಲಿವಿಯಾದ ವಾಹನವನ್ನೇ ಹಿಡಿಯಬೇಕು. ಮೂರ್ನಾಲ್ಕು ಜನ ಸೇರಿದರೆ, ಅಥವಾ ಜೊತೆಯಲ್ಲಿ ವಯಸ್ಸಾದವರೋ ಚಿಕ್ಕ ಮಕ್ಕಳೋ ಇದ್ದರೆ, ಈ ದುಡ್ಡು ದಂಡವಲ್ಲ.

ನೇರ ಬಸ್ಸು ಅಂದರೆ ಒಂದೇ ಬಸ್ಸು ಕೊನೆಯವರೆಗೂ ಹೋಗುತ್ತದೆಯೇ?

ಎಲ್ಲವೂ ಹೋಗುವುದಿಲ್ಲ. ಗಡಿಯ ಈಚೆ ಇಳಿಸಿ, ಆಚೆ ಬೇರೆ ಬಸ್ಸಿಗೆ ಹತ್ತಿಸುವವೂ ಇವೆ. ಲಾ ಪಾಸ್‌ವರೆಗೆ ಟಿಕೆಟ್ ಕೊಂಡವರಿಗೆ ಕೋಪಕಬಾನಾದಲ್ಲಿ ಬಸ್ಸು ಬದಲಾಗುವುದು ಬಹಳ ಸಾಮಾನ್ಯ. ಬದಲಾಯಿಸಿದರೆ ತಪ್ಪೇನಿಲ್ಲ. ಗೊತ್ತಿಲ್ಲದೆ ಬ್ಯಾಗನ್ನು ಹಳೆಯ ಬಸ್ಸಿನ ಡಿಕ್ಕಿಯಲ್ಲೇ ಬಿಟ್ಟು ಹೋದರೆ ಮಾತ್ರ ಪೇಚಾಟ.

ಟಿಕೆಟ್ ಕೊಳ್ಳುವಾಗ ಒಂದು ವಾಕ್ಯ ಕೇಳಿ: ‘ಕ್ರೂಸಾ ಲಾ ಫ್ರೊಂತೇರಾ ಎಲ್ ಮಿಸ್ಮೊ ಬುಸ್?’ ಇದೇ ಬಸ್ಸು ಗಡಿ ದಾಟುತ್ತದೆಯೇ ಎಂದರ್ಥ. ಉತ್ತರದಲ್ಲಿ ‘ತ್ರಾಸ್‌ಬೋರ್ದೊ’ ಎಂಬ ಪದ ಕಿವಿಗೆ ಬಿದ್ದರೆ ವಾಹನ ಬದಲಾಗುತ್ತದೆ ಎಂದು ತಿಳಿಯಿರಿ. ಬ್ಯಾಗಿಗೆ ಕೊಟ್ಟ ಚೀಟಿಯನ್ನೂ ಟಿಕೆಟ್ಟಿನ ಉಳಿದ ತುಂಡನ್ನೂ ಕೊನೆಯ ಊರು ಬರುವ ತನಕ ಬಿಸಾಡಬೇಡಿ. ಪುನೋ ನಿಲ್ದಾಣದಲ್ಲಿ ಟಿಕೆಟ್ಟಿನ ಹೊರತಾಗಿ ನಿಲ್ದಾಣದ ಸಣ್ಣ ಶುಲ್ಕವನ್ನು ಬೇರೆ ಕೌಂಟರಿನಲ್ಲಿ ಕಟ್ಟಬೇಕು. ಆ ಚೀಟಿ ಇಲ್ಲದಿದ್ದರೆ ಬಸ್ಸಿನ ಬಾಗಿಲಿಂದ ವಾಪಸ್ ಕಳಿಸುತ್ತಾರೆ, ಆದ್ದರಿಂದ ಚಿಲ್ಲರೆ ಇಟ್ಟುಕೊಂಡು ಅರ್ಧ ಗಂಟೆ ಮೊದಲೇ ಹೋಗಿ.

ಕಸಾನಿ ಗಡಿಯಲ್ಲಿ ನಿಜವಾಗಿ ನಡೆಯುವುದೇನು?

ಬಸ್ಸು ಪೆರು ಬದಿಯಲ್ಲಿ ನಿಲ್ಲುತ್ತದೆ. ಎಲ್ಲರೂ ಇಳಿಯಬೇಕು. ಪಾಸ್‌ಪೋರ್ಟು, ದುಡ್ಡು, ಬೆಚ್ಚಗಿನ ಅಂಗಿ ಇರುವ ಕೈಚೀಲ ನಿಮ್ಮ ಹೆಗಲಲ್ಲಿರಲಿ. ಮೊದಲು ಪೆರುವಿನ ವಲಸೆ ಕಚೇರಿಯಲ್ಲಿ ನಿರ್ಗಮನ ದಾಖಲಾಗಬೇಕು. ಆಮೇಲೆ ಕಮಾನು ದಾಟಿ ಕೆಲವು ನೂರು ಮೀಟರ್ ನಡಿಗೆ, ಸ್ವಲ್ಪ ಏರು. ಬರೀ ಇಷ್ಟೇ ದೂರ, ಆದರೆ 3,800 ಮೀಟರ್ ಎತ್ತರದಲ್ಲಿ ಟ್ರಾಲಿ ಎಳೆದುಕೊಂಡು ಹತ್ತುವಾಗ ಉಸಿರು ಸಾಲದಾಗುತ್ತದೆ, ನಿಧಾನವಾಗಿ ನಡೆಯಿರಿ. ಬೊಲಿವಿಯಾ ಬದಿಯಲ್ಲಿ ಪ್ರವೇಶದ ಮೊಹರು. ಬಸ್ಸು ಖಾಲಿಯಾಗಿ ದಾಟಿ ಬಂದು ಅಲ್ಲಿ ಕಾಯುತ್ತಿರುತ್ತದೆ.

ಒಂದೇ ಬಾರಿಗೆ ಎರಡು ಮೂರು ಬಸ್ಸು ಬಂದರೆ ಸಾಲು ಬೆಳೆಯುತ್ತದೆ. ಆದ್ದರಿಂದ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದರೆ ಲಾಭ: ಮೊದಲು ಇಳಿದವರು ಮೊದಲು ಮುಗಿಸುತ್ತಾರೆ. ಎಡಬದಿಯ ಸೀಟಾದರೆ ಪುನೋದಿಂದ ಹೋಗುವಾಗ ಸರೋವರವೂ ನಿಮ್ಮ ಕಡೆಗೇ ಇರುತ್ತದೆ.

ಮೊಹರು ಬಿದ್ದ ಮೇಲೆ ಕೌಂಟರಿನ ಮುಂದೆಯೇ ನಿಂತು ದಿನಾಂಕವನ್ನೂ, ಕೊಟ್ಟ ದಿನಗಳ ಸಂಖ್ಯೆಯನ್ನೂ ಓದಿ. ತಪ್ಪಿದ್ದರೆ ಆಗಲೇ ಸರಿಯಾಗುತ್ತದೆ, ಲಾ ಪಾಸ್ ತಲುಪಿದ ಮೇಲೆ ಅಲ್ಲ. ಹಣ್ಣು, ತರಕಾರಿ, ಹಸಿ ಮಾಂಸ ಚೀಲದಲ್ಲಿದ್ದರೆ ಕೃಷಿ ತಪಾಸಣೆಯವರು ತೆಗೆದಿಟ್ಟುಕೊಳ್ಳಬಹುದು.

ಕೊಂಬಿಯಲ್ಲಿ ಹೋದರೆ ಪೆರುವಿನ ಮೊಹರು ತಪ್ಪಿಹೋಗಬಹುದು ಎನ್ನುತ್ತಾರೆ, ನಿಜವೇ?

ನಿಜ. ಇದು ಕೊಂಬಿಯವರ ತಪ್ಪಲ್ಲ. ಅವರ ಪ್ರಯಾಣಿಕರಲ್ಲಿ ಹೆಚ್ಚಿನವರು ಎರಡೂ ಬದಿಯಲ್ಲಿ ನೆಂಟರಿರುವ, ಈ ಸರೋವರ ಸೀಮೆಯ ಮೂಲನಿವಾಸಿಗಳಾದ ಐಮಾರಾ ಜನ, ಸಂತೆಗೆ ಹೋಗಿ ಸಂಜೆಗೆ ಮರಳುವವರು. ಅವರ ಜೊತೆ ನೀವೂ ಸುಮ್ಮನೆ ನಡೆದುಬಿಟ್ಟರೆ ಯಾರೂ ತಡೆಯದೆ ಇರಬಹುದು. ಆಚೆ ಹೋದ ಮೇಲೆ ಬೊಲಿವಿಯಾದ ಅಧಿಕಾರಿ ‘ಪೆರುವಿನಿಂದ ಹೊರಬಿದ್ದ ದಾಖಲೆ ಎಲ್ಲಿ?’ ಎಂದು ಕೇಳುತ್ತಾರೆ, ನೀವು ಮತ್ತೆ ಇಳಿದು ಬರಬೇಕು. ‘ಸೆಯೊ ದೆ ಸಲೀದಾ’, ಅಂದರೆ ನಿರ್ಗಮನದ ಮೊಹರು, ಎಂಬ ಮೂರು ಪದ ಬಾಯಿಪಾಠ ಮಾಡಿಕೊಳ್ಳಿ. ಡ್ರೈವರ್ ‘ನೇರ ಕೋಪಕಬಾನಾ’ ಎಂದರೂ ಎರಡೂ ಕಚೇರಿಗಳ ಮುಂದೆ ನಿಲ್ಲಿಸುವಂತೆ ಮೊದಲೇ ಮಾತಾಡಿಕೊಳ್ಳಿ.

ಪೆರುವಿನಲ್ಲಿ ಕೊಟ್ಟ ದಿನಗಳಿಗಿಂತ ಹೆಚ್ಚು ಉಳಿದಿದ್ದರೆ ದಿನಕ್ಕೆ 5 ಸೋಲ್‌ಗಿಂತ ತುಸು ಹೆಚ್ಚು ದಂಡವಿದೆ. ಅದನ್ನು ಪುನೋದಲ್ಲೇ ಕಟ್ಟಿ ರಸೀದಿ ಹಿಡಿದು ಹೊರಡಿ. ಗಡಿಯಲ್ಲಿ ಕಟ್ಟುತ್ತೇನೆಂದು ಹೋದವರನ್ನು ಬಸ್ಸು ಕಾಯುವುದಿಲ್ಲ.

ನನ್ನದು ಭಾರತದ ಪಾಸ್‌ಪೋರ್ಟು. ಯಾವ ವಾಹನ ಸೂಕ್ತ?

ಇದಕ್ಕೆ ಉತ್ತರ ನಿಮ್ಮ ವೀಸಾದಲ್ಲಿದೆ, ವಾಹನದಲ್ಲಿಲ್ಲ.

ಬೊಲಿವಿಯಾ ವೀಸಾ ಈಗಾಗಲೇ ಪಾಸ್‌ಪೋರ್ಟಿನಲ್ಲಿದ್ದರೆ ನೇರ ಬಸ್ಸು ಹಿಡಿಯಿರಿ. ಕೌಂಟರಿನಲ್ಲಿ ಎಲ್ಲರಷ್ಟೇ ಹೊತ್ತು ಹಿಡಿಯುತ್ತದೆ. ವೀಸಾ ಇಲ್ಲದಿದ್ದರೆ ಪುನೋದಲ್ಲೇ ಬೊಲಿವಿಯಾದ ಕಾನ್ಸುಲೇಟ್ ಇದೆ, ಕುಸ್ಕೋದಲ್ಲೂ ಇದೆ. ಅಲ್ಲಿ ಮಾಡಿಸಿಕೊಂಡೇ ಹೊರಡಿ. ಸಾಮಾನ್ಯವಾಗಿ ಕೇಳುವುದು: ಆನ್‌ಲೈನಿನಲ್ಲಿ ತುಂಬಿದ ಅರ್ಜಿ, ಫೋಟೊ, ಕನಿಷ್ಠ ಆರು ತಿಂಗಳು ಬಾಕಿ ಇರುವ ಪಾಸ್‌ಪೋರ್ಟು, ಬೊಲಿವಿಯಾದ ಹೋಟೆಲ್ ಬುಕಿಂಗ್, ಪ್ರಯಾಣದ ಯೋಜನೆ, ಬ್ಯಾಂಕ್ ಸ್ಟೇಟ್‌ಮೆಂಟ್, ಹಳದಿ ಜ್ವರದ ಲಸಿಕೆಯ ಪತ್ರ. ಎಲ್ಲವನ್ನೂ ಸ್ಕ್ಯಾನ್ ಮಾಡಿ, ಜೊತೆಗೆ ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ. ಕಚೇರಿ ಶನಿವಾರ, ಭಾನುವಾರ ಮುಚ್ಚಿರುವ ಲೆಕ್ಕದಲ್ಲೇ ಪುನೋ ತಲುಪುವ ದಿನ ಆರಿಸಿ. ಶುಕ್ರವಾರ ಸಂಜೆ ಬಂದಿಳಿದರೆ ಸೋಮವಾರದವರೆಗೆ ಕೂರಬೇಕಾಗುತ್ತದೆ.

ಗಡಿಯಲ್ಲೇ ವೀಸಾ ಪಡೆಯುವ ಭರವಸೆಯಲ್ಲಿ ಹೋಗುವುದಾದರೆ ಮಾತ್ರ ನೇರ ಬಸ್ಸು ಬೇಡ. ನಲವತ್ತು ಜನರ ಮೊಹರು ಮುಗಿದ ಮೇಲೆ ಒಬ್ಬರಿಗಾಗಿ ಬಸ್ಸು ಒಂದು ಗಂಟೆ ನಿಲ್ಲುವುದಿಲ್ಲ, ನಿಲ್ಲಬೇಕೆಂದು ಕೇಳುವುದೂ ನ್ಯಾಯವಲ್ಲ. ಆಗ ಬೆಳಗಿನ ಕೊಂಬಿಯೇ ಸರಿ. ನಿಮ್ಮ ಬ್ಯಾಗು ನಿಮ್ಮ ಕೈಯಲ್ಲಿರುತ್ತದೆ, ಕೆಲಸ ಮುಗಿದಾಗ ಆಚೆ ಬದಿಯ ವ್ಯಾನು ಹತ್ತಬಹುದು, ಮುಗಿಯದಿದ್ದರೆ ಯುಂಗುಯೋಗೆ ಮರಳಿ ಅಲ್ಲಿ ಉಳಿಯಬಹುದು. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವಾರದಲ್ಲಿ ಕಾನ್ಸುಲೇಟಿನಲ್ಲೇ ಇನ್ನೊಮ್ಮೆ ವಿಚಾರಿಸಿ.

ಬೊಲಿವಿಯಾ ನೋಡಿ ಮತ್ತೆ ಪೆರುವಿಗೇ ಮರಳಬೇಕು. ತೊಂದರೆ ಇದೆಯೇ?

ನಮ್ಮ ಕಡೆಯವರು ಹೆಚ್ಚು ಸಿಕ್ಕಿಬೀಳುವುದು ಇಲ್ಲಿ. ಪೆರುವಿನ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಕಸಾನಿಯಲ್ಲಿ ಹೊರಬಿದ್ದ ಗಳಿಗೆಯಲ್ಲೇ ಅದು ಮುಗಿಯಿತು. ಲಿಮಾದಿಂದ ಮನೆಗೆ ಮರಳುವ ವಿಮಾನದ ಟಿಕೆಟ್ ಇದ್ದರೂ ಮತ್ತೆ ಒಳಗೆ ಬರಲು ಹೊಸ ವೀಸಾ ಬೇಕು. ಅರ್ಜಿ ಹಾಕುವಾಗಲೇ ಎರಡು ಪ್ರವೇಶ ಕೇಳಿಕೊಳ್ಳಿ.

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಶೆಂಗೆನ್ ದೇಶಗಳ ಕಾಯಂ ನಿವಾಸ ಇರುವ, ಇಲ್ಲವೇ ಆರು ತಿಂಗಳಾದರೂ ಬಾಕಿ ಇರುವ ಆ ದೇಶಗಳ ವೀಸಾ ಹೊಂದಿರುವ ಭಾರತೀಯರಿಗೆ 2017ರಿಂದ ಪೆರು ಪ್ರವಾಸಕ್ಕೆ ವೀಸಾ ವಿನಾಯಿತಿ ಕೊಟ್ಟಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಈ ದಾರಿಯಲ್ಲೇ ಬರುವುದು ಹೆಚ್ಚು. ಆರು ತಿಂಗಳ ಲೆಕ್ಕವನ್ನು ಮರಳಿ ಬರುವ ದಿನಕ್ಕೂ ಹಾಕಿ ನೋಡಿ. ಮೊದಲ ಸಲ ಒಳಬಂದಾಗ ಸರಿಯಿದ್ದ ವೀಸಾ ಎರಡನೇ ಸಲಕ್ಕೆ ಕೆಲವೇ ದಿನಗಳಲ್ಲಿ ಕಮ್ಮಿಬೀಳಬಹುದು. ಬೊಲಿವಿಯಾಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಎಷ್ಟು ಹೊತ್ತಿಗೆ ಹೊರಡಬೇಕು?

ಬೊಲಿವಿಯಾದ ಗಡಿಯಾರ ಪೆರುವಿಗಿಂತ ಒಂದು ಗಂಟೆ ಮುಂದೆ. ಗಡಿ ರಾತ್ರಿಯಿಡೀ ತೆರೆದಿರುವುದಿಲ್ಲ. ಈ ಎರಡು ಮಾತು ಸೇರಿಸಿ ಲೆಕ್ಕ ಹಾಕಿ: ಪುನೋದಿಂದ ಮಧ್ಯಾಹ್ನ 2ಕ್ಕೆ ಕೊಂಬಿ ಹೊರಟರೆ ಯುಂಗುಯೋ ತಲುಪುವಾಗ ಸಂಜೆ 5, ಆಚೆ ಬದಿಯಲ್ಲಿ ಆಗಲೇ 6. ಕೋಪಕಬಾನಾ ಕಡೆಯ ವ್ಯಾನುಗಳೂ ಆ ಹೊತ್ತಿಗೆ ಕಡಿಮೆಯಾಗಿರುತ್ತವೆ. ಕೊಂಬಿಯಲ್ಲಿ ಹೋಗುವವರು ಬೆಳಿಗ್ಗೆ 10ರೊಳಗೆ ಪುನೋ ಬಿಡಲೇಬೇಕು ಎಂಬುದು ನಮ್ಮ ಖಚಿತ ಸಲಹೆ.

ಕೋಪಕಬಾನಾದಿಂದ ದೋಣಿಯಲ್ಲಿ ಹೋಗುವ ಸೂರ್ಯ ದ್ವೀಪಕ್ಕೆ ಅದೇ ದಿನ ಹೋಗಬೇಕೆಂದಿದ್ದರೆ ಬೆಳಿಗ್ಗೆ 7ರ ನೇರ ಬಸ್ಸೊಂದೇ ದಾರಿ. ಅದು ಬೊಲಿವಿಯಾ ಸಮಯ 12ರ ಸುಮಾರಿಗೆ ಕೋಪಕಬಾನಾ ತಲುಪಿಸುತ್ತದೆ. ದ್ವೀಪದ ಮಧ್ಯಾಹ್ನದ ದೋಣಿ ಸಾಮಾನ್ಯವಾಗಿ 1:30ಕ್ಕೆ. ನಡುವೆ ಊಟಕ್ಕೂ ಸಮಯ ಸಿಗುತ್ತದೆ.

ನನಗೆ ಕೋಪಕಬಾನಾ ಬೇಡ, ಲಾ ಪಾಸ್ ಮುಟ್ಟಿದರೆ ಸಾಕು. ಆಗ?

ದೆಸಾಗ್ವಾದೆರೋ ದಾರಿ ಹಿಡಿಯಿರಿ. ಪುನೋದಿಂದ ಸುಮಾರು 150 ಕಿ.ಮೀ.ಗೆ ಗಡಿ, ಅಲ್ಲಿಂದ ಲಾ ಪಾಸ್‌ಗೆ ಸುಮಾರು 110. ನೇರ ಬಸ್ಸಿನಲ್ಲಿ ಐದಾರು ಗಂಟೆ. ಕೋಪಕಬಾನಾ ಮೇಲಿನಿಂದ ಹೋದರೆ ಏಳೆಂಟು ಗಂಟೆ ಬೇಕು. ದಾರಿಯಲ್ಲಿ ತಿವಾನಾಕು ಎಂಬ ಪ್ರಾಚೀನ ನಗರದ ಅವಶೇಷಗಳಿವೆ. ಬಿಡಿ ವಾಹನಗಳಲ್ಲಿ ಹೋಗುವವರು ಇಳಿದು ನೋಡಿ ಮುಂದಿನ ವ್ಯಾನು ಹತ್ತಬಹುದು.

ದೆಸಾಗ್ವಾದೆರೋ ನೋಡಲು ಚೆಂದದ ಊರಲ್ಲ. ಅದೇ ಹೆಸರಿನ ನದಿಯ ಎರಡೂ ದಡದಲ್ಲಿ ಅದೇ ಹೆಸರಿನ ಊರು, ನಡುವೆ ಸೇತುವೆ, ಇಡೀ ಊರೇ ಸಂತೆ. ಮಂಗಳವಾರ ಮತ್ತು ಶುಕ್ರವಾರ ಸಂತೆಯ ದಿನ, ಸರಕು ಹೊತ್ತವರ ನಡುವೆ ಕಚೇರಿಯ ಬಾಗಿಲು ಹುಡುಕುವುದೇ ಕಷ್ಟ. ಜೇಬು ಜೋಪಾನ. ಮೊದಲ ಸಲ ಬರುವವರಿಗೆ ಕಸಾನಿಯೇ ನೆಮ್ಮದಿಯ ಗಡಿ.

ಕೋಪಕಬಾನಾದಿಂದ ಲಾ ಪಾಸ್ ದಾರಿಯಲ್ಲಿ ಬಸ್ಸು ನೀರು ದಾಟುತ್ತದಂತೆ?

ಹೌದು, ತಿಕಿನಾ ಜಲಸಂಧಿಯಲ್ಲಿ. ಸುಮಾರು 800 ಮೀಟರ್ ಅಗಲ, ಸೇತುವೆ ಇಲ್ಲ. ಬಸ್ಸು ಚಪ್ಪಟೆ ತಳದ ಮರದ ತೆಪ್ಪದ ಮೇಲೆ ತೇಲುತ್ತಾ ದಾಟುತ್ತದೆ. ಪ್ರಯಾಣಿಕರು ಇಳಿದು, ಬೇರೆ ಟಿಕೆಟ್ ಕೊಂಡು, ಸಣ್ಣ ಮೋಟಾರು ದೋಣಿಯಲ್ಲಿ ಆಚೆ ಹೋಗಬೇಕು. ಟಿಕೆಟ್ಟಿಗೆ ಒಂದೆರಡು ಬೊಲಿವಿಯಾನೊ ಚಿಲ್ಲರೆ ಬೇಕು. ಲಾ ಪಾಸ್‌ವರೆಗಿನ ಬಸ್ ಟಿಕೆಟ್ಟಿನಲ್ಲಿ ಇದು ಸೇರಿರುವುದಿಲ್ಲ. ಪಾಸ್‌ಪೋರ್ಟು ಬಸ್ಸಿನಲ್ಲಿ ಬಿಡಬೇಡಿ, ದೋಣಿಕಟ್ಟೆಯಲ್ಲಿ ತಪಾಸಣೆ ನಡೆಯುವುದುಂಟು. ನಿಮ್ಮ ಬಸ್ಸಿನ ಬಣ್ಣ, ನಂಬರ್ ಪ್ಲೇಟಿನ ಫೋಟೊ ತೆಗೆದಿಟ್ಟುಕೊಳ್ಳಿ; ಆಚೆ ದಡದಲ್ಲಿ ಒಂದೇ ಥರದ ಹಲವು ಬಸ್ಸುಗಳು ನಿಂತಿರುತ್ತವೆ. ಗಾಳಿ ಜೋರಾಗಿದ್ದರೆ ತೆಪ್ಪಗಳು ನಿಲ್ಲುತ್ತವೆ, ಕಾಯುವುದೊಂದೇ ಉಪಾಯ. ಹಾಗಾಗಿ ಅದೇ ಸಂಜೆ ಲಾ ಪಾಸ್‌ನ ವಿಮಾನ ನಿಲ್ದಾಣವಿರುವ ಎಲ್ ಆಲ್ತೊದಿಂದ ವಿಮಾನ ಹಿಡಿಯುವ ಯೋಜನೆ ಬೇಡ.

ಹಣ ಎಲ್ಲಿ ಬದಲಾಯಿಸಲಿ?

ಯುಂಗುಯೋ ಚೌಕದಲ್ಲೂ ಕಸಾನಿಯಲ್ಲೂ ಬದಲಾಯಿಸುವವರಿದ್ದಾರೆ. ಉಳಿದ ಸೋಲ್‌ಗಳನ್ನು ಅಲ್ಲೇ ಮುಗಿಸಿ. ಕೋಪಕಬಾನಾದಲ್ಲಿ ಎಟಿಎಂಗಳು ಕೆಲವೇ ಕೆಲವು, ಖಾಲಿಯಾಗಿರುವುದೂ ಉಂಟು. 2011ರಿಂದ ವರ್ಷಗಟ್ಟಲೆ ಬೊಲಿವಿಯಾ ಡಾಲರಿಗೆ 6.96 ಬೊಲಿವಿಯಾನೊ ಎಂಬ ಅಧಿಕೃತ ದರವನ್ನೇ ಹಿಡಿದಿಟ್ಟುಕೊಂಡಿತ್ತು. 2023ರಲ್ಲಿ ಡಾಲರ್ ಅಭಾವ ಶುರುವಾದ ಮೇಲೆ ಬೀದಿಯ ದರ ಅದರಿಂದ ಬಹಳ ಮೇಲೇರಿತು. ಹೊರಡುವ ಮುನ್ನ ಆ ದಿನದ ದರ ನೋಡಿಕೊಳ್ಳಿ, ಕಾರ್ಡಿಗಿಂತ ಡಾಲರ್ ನೋಟು ಲಾಭವಾಗಬಹುದು. ನೋಟು ಹೊಸದಿರಬೇಕು: ಅಂಚು ಹರಿದ, ಪೆನ್ನಿನ ಗೆರೆ ಬಿದ್ದ ಡಾಲರನ್ನು ಯಾರೂ ಮುಟ್ಟುವುದಿಲ್ಲ.

ಎತ್ತರದಿಂದ ತಲೆನೋವು ಬರುತ್ತದೆಯೇ?

ಪುನೋದಲ್ಲಿ ಎರಡು ದಿನ ಚೆನ್ನಾಗಿದ್ದವರಿಗೆ ಈ ಪ್ರಯಾಣದಲ್ಲಿ ಹೊಸದಾಗಿ ಬರುವ ಸಂಭವ ಕಡಿಮೆ. ಸರೋವರದ ಮಟ್ಟವೇ ಸುಮಾರು 3,810 ಮೀಟರ್, ಎರಡೂ ಊರುಗಳು ಅದರ ದಡದಲ್ಲಿವೆ. ತೊಂದರೆ ಆಗುವುದು ಲಿಮಾದಿಂದ ನಿನ್ನೆ ಬಂದು ಇವತ್ತೇ ಬಸ್ಸು ಹತ್ತುವವರಿಗೆ. ಕೋಕಾ ಎಲೆ ಎರಡೂ ದೇಶಗಳಲ್ಲಿ ಕಾನೂನುಬದ್ಧ, ಆದರೆ ಭಾರತಕ್ಕೆ ಒಂದು ಎಲೆಯನ್ನೂ ತರಬೇಡಿ.

ಆನ್‌ಲೈನಿನಲ್ಲಿ ಹೋಟೆಲ್ ಹುಡುಕಿದರೆ ಬ್ರೆಜಿಲ್ ತೋರಿಸುತ್ತಿದೆ. ಏಕೆ?

ರಿಯೊ ನಗರದ ಪ್ರಸಿದ್ಧ ಕಡಲತೀರಕ್ಕೂ ಇದೇ ಹೆಸರು. ಆ ಹೆಸರು ಅಲ್ಲಿಗೆ ಹೋದದ್ದು ಈ ಪುಟ್ಟ ಊರಿನ ಮೇರಿ ಮಾತೆಯ ಪ್ರತಿಮೆಯಿಂದ. ಹುಡುಕುವಾಗ ಬೊಲಿವಿಯಾ ಎಂದು ಸೇರಿಸಿ, ಹಣ ಕಟ್ಟುವ ಮುನ್ನ ನಕ್ಷೆ ನೋಡಿ.

ಯಾವ ದಿನಗಳಲ್ಲಿ ಹೋಗಬಾರದು?

ಫೆಬ್ರವರಿ ಮೊದಲ ಎರಡು ವಾರ ಪುನೋದಲ್ಲಿ ಮೇರಿ ಮಾತೆಯ ಕಂದೇಲಾರಿಯಾ ಹಬ್ಬ, ಫೆಬ್ರವರಿ 2ರ ಆಸುಪಾಸು ಕೋಪಕಬಾನಾದಲ್ಲೂ ಹಬ್ಬ. ಆಗಸ್ಟ್ 5 ಮತ್ತು 6, ಗುಡ್ ಫ್ರೈಡೆಯ ವಾರ, ಇವೂ ಜನಜಂಗುಳಿಯ ದಿನಗಳು. ಹಬ್ಬ ನೋಡಲೆಂದೇ ಬಂದರೆ ಭಾಗ್ಯ, ಸುಮ್ಮನೆ ದಾಟಲು ಬಂದರೆ ಸೀಟು, ಕೋಣೆ ಎರಡೂ ಕಷ್ಟ.

ಅದಕ್ಕಿಂತ ದೊಡ್ಡ ಅಡ್ಡಿ ರಸ್ತೆ ತಡೆ. ಪೆರುವಿನಲ್ಲಿ ‘ಪಾರೊ’, ಬೊಲಿವಿಯಾದಲ್ಲಿ ‘ಬ್ಲೊಕೇಓ’ ಎನ್ನುತ್ತಾರೆ. 2023ರ ಆರಂಭದಲ್ಲಿ ಪುನೋ ಪ್ರಾಂತ್ಯದ ರಸ್ತೆಗಳು ವಾರಗಟ್ಟಲೆ ಮುಚ್ಚಿದ್ದವು. ಹಿಂದಿನ ಸಂಜೆ ಹೋಟೆಲಿನವರನ್ನೂ, ಇಬ್ಬರು ಬಸ್ಸಿನವರನ್ನೂ ಬೇರೆ ಬೇರೆಯಾಗಿ ಕೇಳಿ. ಟಿಕೆಟ್ ಮಾರುವವರು ‘ಹೋಗುತ್ತದೆ’ ಎಂದರೂ ಕೊಂಬಿ ನಿಲ್ದಾಣ ಖಾಲಿ ಹೊಡೆಯುತ್ತಿದ್ದರೆ, ಕೊಂಬಿಯವರನ್ನು ನಂಬಿ. ತಡೆಯ ನಡುವೆ ನಡೆದು ದಾಟುವ ಸಾಹಸ ಬೇಡ, ಕಲ್ಲು ಇಟ್ಟವರಿಗೆ ಅವರದೇ ಕಾರಣಗಳಿರುತ್ತವೆ, ನಿಮ್ಮ ಬಸ್ಸಿನ ವೇಳೆ ಅವರ ಲೆಕ್ಕದಲ್ಲಿಲ್ಲ.

ಹಳದಿ ಜ್ವರದ ಲಸಿಕೆ ನಿಜವಾಗಿಯೂ ಬೇಕೇ? ಸರೋವರದ ಬಳಿ ಸೊಳ್ಳೆಯೇ ಇಲ್ಲವಲ್ಲ?

ಈ ಎತ್ತರದಲ್ಲಿ ಆ ಜ್ವರದ ಅಪಾಯ ಇಲ್ಲ. ಆದರೂ ಪತ್ರ ಬೇಕು. ಬೊಲಿವಿಯಾ ವೀಸಾಕ್ಕೆ ಕೇಳುತ್ತಾರೆ. ಮರಳುವಾಗ ಭಾರತವೂ ಕೇಳುತ್ತದೆ: ಪೆರು, ಬೊಲಿವಿಯಾ ಎರಡೂ ನಮ್ಮ ಸರ್ಕಾರದ ಹಳದಿ ಜ್ವರ ದೇಶಗಳ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟ ಆರು ದಿನದೊಳಗೆ ಪತ್ರವಿಲ್ಲದೆ ಬೆಂಗಳೂರಿನಲ್ಲಿ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ, ಅಲ್ಲೂ ಮೊದಲೇ ಹೆಸರು ಬರೆಸಬೇಕು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಪತ್ರ ಊರ್ಜಿತ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಒಗ್ಗದವರು ಚುಚ್ಚಿಸಿಕೊಳ್ಳುವ ಮೊದಲು ವೈದ್ಯರ ಜೊತೆ ಮಾತಾಡಿ. ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಡಿ, ಡಿಕ್ಕಿಗೆ ಹೋಗುವ ಬ್ಯಾಗಿನಲ್ಲಿ ಬೇಡ.